ವಂಶವಾಹಿಯ ಪಾಠಾಂತರಗಳು ಮತ್ತು ಗಣಕದ ತೀರ್ಪು

ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡುವ ಗ್ರಂಥಸಂಪಾದಕನನ್ನು ಒಂದು ಪ್ರಶ್ನೆ ಸದಾ ಕಾಡುತ್ತದೆ: ಈ ಪಾಠಾಂತರವು ಅರ್ಥವನ್ನು ಕೆಡಿಸುತ್ತದೆಯೋ ಇಲ್ಲವೋ? ವಂಶವಾಹಿಗಳನ್ನು ಓದುವ ಜೀವವಿಜ್ಞಾನಿಗಳ ಪ್ರಶ್ನೆಯೂ ಇದಕ್ಕಿಂತ ಬಹಳ ಭಿನ್ನವಾದುದಲ್ಲ.

ಎಕ್ಸ್ ವರ್ಣತಂತುವಿನಲ್ಲಿರುವ ಟಿ.ಎಲ್.ಆರ್.7 ಎಂಬ ವಂಶವಾಹಿಯನ್ನು ಗಮನಿಸಬಹುದು. ಅದರ ಆದೇಶದಂತೆ 1049 ಅಮೈನೊ ಆಮ್ಲಗಳ ಒಂದು ಪ್ರೋಟೀನು ರೂಪುಗೊಳ್ಳುತ್ತದೆ. ಇದು ರೋಗರಕ್ಷಣೆಯ ಗ್ರಾಹಿ. ಜೀವಕೋಶವನ್ನು ಹೊಕ್ಕ ವೈರಸ್ಸಿನ ಆರ್.ಎನ್.ಎ.ಯನ್ನು ಗುರುತಿಸಿ ಎಚ್ಚರಿಸುವ ಕಾವಲುಗಾರ. ವಂಶವಾಹಿಯಲ್ಲಿ ಒಂದಕ್ಷರ ಬದಲಾದರೂ ಒಂದು ಆಮ್ಲದ ಸ್ಥಾನಕ್ಕೆ ಮತ್ತೊಂದು ಬರಬಹುದು. ಇಂಥ ಸಾಧ್ಯತೆಗಳು ಸಾವಿರಾರು. ಎಲ್ಲವನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗದ ಕಾರಣ ಗಣಕದ ಮೊರೆಹೋಗಬೇಕಾಯಿತು.

2001ರಲ್ಲಿ ಪಾಲಿನ್ ಎಂಗ್ ಮತ್ತು ಸ್ಟೀವನ್ ಹೆನಿಕಾಫ್ ಅವರು 'ಸಿಫ್ಟ್' ಎಂಬ ವಿಧಾನವನ್ನು ಪ್ರಕಟಿಸಿದರು. ಜರಡಿ ಹಿಡಿಯುವುದು ಎಂಬುದೇ ಆ ಹೆಸರಿನ ಅರ್ಥ. ಮನುಷ್ಯ, ಇಲಿ, ಕೋಳಿ ಮುಂತಾದ ಜೀವಿಗಳಲ್ಲಿನ ಒಂದೇ ಪ್ರೋಟೀನಿನ ಪಾಠಗಳನ್ನು ಅದು ಸಾಲಾಗಿ ಜೋಡಿಸುತ್ತದೆ. ಎಲ್ಲ ಪ್ರತಿಗಳಲ್ಲೂ ಒಂದೇ ಅಕ್ಷರ ಉಳಿದು ಬಂದ ಸ್ಥಾನದಲ್ಲಿ ಬದಲಾವಣೆ ಕಂಡರೆ ಅದನ್ನು ಹಾನಿಕರವೆಂದು ಶಂಕಿಸುತ್ತದೆ. ಅಂಕ ಸೊನ್ನೆಯಿಂದ ಒಂದರವರೆಗೆ, 0.05 ಅಥವಾ ಅದಕ್ಕಿಂತ ಕಡಿಮೆಯಾದರೆ ಹಾನಿಯ ಸೂಚನೆ. ಸಂಪಾದನಶಾಸ್ತ್ರದ ಒಂದು ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಒಂದೇ ಮಾತೃಪ್ರತಿಯಿಂದ ಇತ್ತೀಚೆಗೆ ಇಳಿದ ಪ್ರತಿಗಳ ಒಮ್ಮತಕ್ಕೆ ಬೆಲೆ ಕಡಿಮೆ. ಹಾಗೆಯೇ ಮನುಷ್ಯನನ್ನು ಚಿಂಪಾಂಜಿಯೊಡನೆ ಮಾತ್ರ ಹೋಲಿಸಿದರೆ ತಿಳಿಯುವುದು ಅಲ್ಪ. ಮುಂದೆ ಬಂದ 'ಪಾಲಿಫೆನ್' ಪ್ರೋಟೀನಿನ ಆಕಾರವನ್ನೂ ಪರಿಗಣಿಸಿತು. 2023ರ 'ಆಲ್ಫಾಮಿಸ್ಸೆನ್ಸ್' ಮನುಷ್ಯನ ಸುಮಾರು 7.1 ಕೋಟಿ ಬದಲಾವಣೆಗಳಿಗೆ ಅಂಕ ನೀಡಿತು.

ಆದರೆ 'ಹಾನಿಕರ' ಎಂಬ ಒಂದೇ ಪದದಲ್ಲಿ ತೊಡಕು ಅಡಗಿದೆ. 2020ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಎರಡು ಕುಟುಂಬಗಳ ನಾಲ್ವರು ತರುಣರು ತೀವ್ರ ಕೋವಿಡ್‌ಗೆ ತುತ್ತಾದರು. ಒಂದು ಕುಟುಂಬದಲ್ಲಿ ಈ ವಂಶವಾಹಿಯ ನಾಲ್ಕು ಅಕ್ಷರಗಳೇ ಲೋಪವಾಗಿದ್ದವು. ಇನ್ನೊಂದರಲ್ಲಿ 795ನೆಯ ಸ್ಥಾನದ ವ್ಯಾಲೀನ್ ಹೋಗಿ ಫಿನೈಲ್ಅಲನೀನ್ ಬಂದಿತ್ತು. ಕಾವಲುಗಾರ ನಿದ್ರಿಸಿದ್ದ. 2022ರಲ್ಲಿ ಪ್ರಕಟವಾದ ಸಂಶೋಧನೆಯ ಕಥೆ ಇದಕ್ಕೆ ತೀರ ವ್ಯತಿರಿಕ್ತ. ಏಳನೆಯ ವಯಸ್ಸಿನಲ್ಲೇ ತೀವ್ರ ಲೂಪಸ್ ಕಾಣಿಸಿಕೊಂಡ ಬಾಲಕಿಯೊಬ್ಬಳಲ್ಲಿ 264ನೆಯ ಸ್ಥಾನದ ಟೈರೋಸಿನ್ ಬದಲಾಗಿ ಹಿಸ್ಟಿಡಿನ್ ಬಂದಿತ್ತು. ಅಲ್ಲಿ ಕಾವಲುಗಾರ ಅತಿ ಜಾಗರೂಕನಾಗಿ ಮನೆಯವರ ಮೇಲೆಯೇ ಎರಗಿದ್ದ. ಅದೇ ಬದಲಾವಣೆಯನ್ನು ಇಲಿಗಳಲ್ಲಿ ತಂದಾಗ ಅವುಗಳಿಗೂ ಲೂಪಸ್ ಬಂದಿತು.

ಒಂದೇ ಗ್ರಾಹಿಯ ವಿಷಯದಲ್ಲಿ ಒಬ್ಬನಿಗೆ ವೈರಸ್ಸಿನಿಂದ ರಕ್ಷಣೆ ಬೇಕು, ಮತ್ತೊಬ್ಬಳಿಗೆ ಆ ಗ್ರಾಹಿಯ ನಿಗ್ರಹವೇ ಬೇಕು. ಹೋಲಿಕೆಯಿಂದ ಹುಟ್ಟಿದ ಅಂಕವು ಪಾಠ ಕೆಟ್ಟಿರಬಹುದೆಂದು ಹೇಳೀತು. ಯಾವ ದಿಕ್ಕಿಗೆ ಕೆಟ್ಟಿದೆಯೆಂದು ಹೇಳದು. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ 2015ರ ಮಾರ್ಗಸೂಚಿ ಗಣಕದ ತೀರ್ಪನ್ನು ಪೂರಕ ಸಾಕ್ಷ್ಯವೆಂದಷ್ಟೇ ಪರಿಗಣಿಸಿದ್ದು ಉಚಿತವಾಗಿಯೇ ಇದೆ.