ವಾಹನದ ಕಿಟಕಿಗೊಂದು ಸೂರು

ಹಿಂದೂಪುರ, ಕಲ್ಯಾಣದುರ್ಗಗಳ ಜನರಿಗೆ ಮಳೆಯಿಂದ ಪಾರಾಗುವ ಉಪಾಯ ಹೇಳಹೊರಟರೆ ನಗು ಬಂದೀತು. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು. ಆದರೆ ಬಂದಾಗ ಅದು ಬಿರುಸಾಗಿಯೇ ಬರುತ್ತದೆ. ಸೆಪ್ಟೆಂಬರ್‌, ಅಕ್ಟೋಬರ್‌ ತಿಂಗಳುಗಳಲ್ಲಿ ಕಲ್ಯಾಣದುರ್ಗದಿಂದ ಪಾವಗಡದ ಮೇಲೆ ಹಿಂದೂಪುರಕ್ಕೆ ಕಾರಿನಲ್ಲಿ ಬಂದವರು ಇದನ್ನು ಬಲ್ಲರು. ಕಿಟಕಿ ಮುಚ್ಚಿದರೆ ಉಸಿರಿನ ತೇವ ತಣ್ಣನೆಯ ಗಾಜಿಗೆ ಕವಿದು ದಾರಿಯೇ ಕಾಣದು. ತೆರೆದರೆ ಅಂಚಿನಲ್ಲಿ ಕುಳಿತವರ ಹೆಗಲು ತೊಯ್ಯುತ್ತದೆ.

೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮೇಲ್ಛಾವಣಿಯ ಅಂಚಿಗೆ ನೀರು ಹರಿದುಹೋಗಲು ಸಣ್ಣ ತಗಡಿನ ದೋಣಿಯಿತ್ತು. ಇಂದಿನ ಎಷ್ಟೋ ಕಾರುಗಳಿಗೆ ಬಾಗಿಲ ಮೇಲೆ ಅದಿಲ್ಲ. ಮೇಲಿನ ನೀರು ನೇರವಾಗಿ ಕಿಟಕಿಗೇ ಇಳಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಕಣ್ಣೆದುರಿಗೇ ಇದೆ. ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ, ೧೬ನೆಯ ಶತಮಾನದ ತೆರೆದ ಮಂಟಪಗಳಿಗೆ ಹೊರಬಾಗಿದ ಕಲ್ಲಿನ ಸೂರುಗಳಿವೆ. ಗಾಳಿಗೆ ದಾರಿಯುಂಟು, ಮಳೆಗೆ ತಡೆಯುಂಟು. ಕಾರಿನ ಕಿಟಕಿಯ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ವೈಸರ್ ಮಾಡುವುದೂ ಇದನ್ನೇ.

ಆದರೆ ಅದನ್ನು ಬಳಸುವ ಕ್ರಮವೊಂದಿದೆ. ಗಾಜನ್ನು ಒಂದೆರಡು ಬೆರಳಿನಷ್ಟು ಮಾತ್ರ ಇಳಿಸಬೇಕು. ತೆರೆದ ಸಂದು ವೈಸರಿನ ಮರೆಯಲ್ಲಿಯೇ ಇರಬೇಕು. ಸುಮಾರು ೨ ಮಿಲಿಮೀಟರ್ ಗಾತ್ರದ ಹನಿ ಗಂಟೆಗೆ ೨೩ ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ. ಕಾರು ೬೦ರ ವೇಗದಲ್ಲಿ ಓಡುವಾಗ ಆ ಹನಿ ಮುಂದಿನಿಂದ ಓರೆಯಾಗಿ ನುಗ್ಗಿಬಂದಂತಾಗುತ್ತದೆ. ಹಾಗಾಗಿ ವೈಸರಿನ ಮುಂದಿನ ತುದಿ ಬಾಗಿಲಿಗೆ ಬಿಗಿಯಾಗಿ ಅಂಟಿರಬೇಕು. ನಿಲ್ಲಿಸಿದ ಕಾರಿನಲ್ಲಾದರೆ ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಿ, ಎದುರು ಕಡೆಯದನ್ನು ತುಸು ತೆರೆದರೆ ಎರಚಲು ಹೊಡೆಯದು.

ಗಾಜಿನ ಮೇಲೆ ಇಳಿದ ನೀರು ಬಾಗಿಲಿನೊಳಗೆ ಸೇರಿ, ಅಡಿಯ ಸಣ್ಣ ರಂಧ್ರಗಳಿಂದ ಹೊರಬೀಳುತ್ತದೆ. ನಮ್ಮ ಕಡೆಯ ಕೆಂಪು ಧೂಳು ಇವುಗಳಲ್ಲಿ ಕಟ್ಟಿಕೊಂಡರೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮೊದಲು ತೆಳುವಾದ ಕಡ್ಡಿಯಿಂದ ಅವನ್ನು ಬಿಡಿಸಿಡುವುದು ಒಳ್ಳೆಯದು.

ಕೊನೆಯದಾಗಿ, ತಾಯಂದಿರು ಮರೆಯಬಾರದ ಮಾತು. ಈ ಸಂದು ಮಂಜು ಕವಿಯದಂತೆ ಮಾಡೀತು, ಬಿಸಿಲಿನ ಕಾವನ್ನು ತಗ್ಗಿಸಲಾರದು. ಮಳೆ ನಿಂತು ಬಿಸಿಲು ಬಿದ್ದೊಡನೆ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ಕಿಟಕಿ ತೆರೆದಿದೆಯಲ್ಲ ಎಂದು ನಿದ್ರಿಸುವ ಮಗುವನ್ನಾಗಲಿ, ವೃದ್ಧರನ್ನಾಗಲಿ ಅದರಲ್ಲಿ ಬಿಟ್ಟು ಅಂಗಡಿಗೆ ಹೋಗಬಾರದು. ಸೂರು ಮಳೆಯನ್ನಷ್ಟೇ ತಡೆಯುತ್ತದೆ; ಮಗುವನ್ನು ಕಾಯುವ ಹೊಣೆ ನಮ್ಮದೇ.