ಗೋಡೆಯೊಳಗಿನ ಜೋಡಿ ತಂತಿಗಳು

ಮೈಸೂರಿನ ಕುವೆಂಪುನಗರದಲ್ಲಿ ನವೀಕರಣ ನಡೆದಿದ್ದ ಮಿತ್ರರ ಮನೆಯೊಂದರಲ್ಲಿ, ದೂರವಾಣಿ ಇಲಾಖೆಯಲ್ಲಿ ಬಹುಕಾಲ ದುಡಿದು ನಿವೃತ್ತರಾಗಿರುವ ಅವರ ತಂದೆಯವರು, ತರುಣ ಎಲೆಕ್ಟ್ರಿಷಿಯನ್ ಆಗತಾನೆ ಕೂರಿಸಿದ್ದ ಡೇಟಾ ಸಾಕೆಟ್ಟಿನ ಫಲಕವನ್ನು ಬಿಚ್ಚಿ, ಅದರ ಹಿಂಬದಿಯ ಎಂಟು ತಂತಿಗಳನ್ನು ಕನ್ನಡಕದ ಸಮೀಪಕ್ಕೆ ಹಿಡಿದು ಪರಿಶೀಲಿಸಿದುದನ್ನು ಕಂಡಂದಿನಿಂದ, ಆ ಅಲ್ಪವಸ್ತುವಿನ ವಿಷಯದಲ್ಲಿ ನನಗುಂಟಾದ ಕುತೂಹಲವು ಇನ್ನೂ ಶಮನಗೊಂಡಿಲ್ಲ.

"ಎಂಟೂ ಲೈಟು ಹತ್ತಿದಾವೆ ಸಾರ್, ಲೈನು ಸರಿಯಾಗೇ ಇದೆ" ಎಂದು ತರುಣನು ಟೆಸ್ಟರನ್ನು ತೋರಿಸಿದನು. ದೀಪಗಳು ಹತ್ತಿದ್ದುದು ನಿಜ. ಮಹಡಿಯ ಕೋಣೆಯ ಗಣಕಕ್ಕೆ ಅಂತರ್ಜಾಲವು ತಡೆತಡೆದು ಬರುತ್ತಿದ್ದುದೂ ಅಷ್ಟೇ ನಿಜ. "ಬಣ್ಣ ನೋಡ್ಕೊಂಡು ಸಾಲಾಗಿ ಕೂರಿಸಿದೀಯಪ್ಪ, ಜೋಡಿ ಎಲ್ಲಿ ಉಳೀತು?" ಎಂದರು ಹಿರಿಯರು.

ಕೇಬಲ್ಲಿನೊಳಗಿನ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ, ಬತ್ತಿಯ ಎಳೆಗಳಂತೆ ಹೊಸೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಗದ್ದಲವು ಜೋಡಿಯ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದು, ಅವೆರಡರ ವ್ಯತ್ಯಾಸವನ್ನಷ್ಟೇ ಗ್ರಹಿಸುವ ಯಂತ್ರದ ಪಾಲಿಗೆ ಅದು ಇಲ್ಲದಂತೆಯೇ ಆಗಲೆಂಬುದು ಈ ಹೊಸೆತದ ಉದ್ದೇಶ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು.

ನನ್ನನ್ನು ಸೆರೆಹಿಡಿದ ವೈಚಿತ್ರ್ಯವಾದರೋ ಬೇರೆ. ದೂರವಾಣಿಯ ಸಾಕೆಟ್ಟಿನಲ್ಲಿ ನಟ್ಟನಡುವಿನ ಎರಡು ಪಿನ್ನುಗಳು ಮೊದಲ ಲೈನಿಗೂ, ಅವುಗಳ ಇಕ್ಕೆಲದ ಎರಡು ಎರಡನೆಯ ಲೈನಿಗೂ ಮೀಸಲು. ಎಂಟು ಪಿನ್ನುಗಳ ಡೇಟಾ ಸಾಕೆಟ್ಟಿಗೆ ಅಮೆರಿಕದಲ್ಲಿ ಕ್ರಮವನ್ನು ನಿಗದಿಪಡಿಸಿದಾಗ, ಹಳೆಯ ದೂರವಾಣಿಗೆ ಸಲ್ಲಬೇಕಾದ ಆ ಮಧ್ಯಸ್ಥಾನವನ್ನು ಹಾಗೆಯೇ ಉಳಿಸಿದರು. ಆದುದರಿಂದಲೇ ಇಂದಿಗೂ ನಾಲ್ಕು ಮತ್ತು ಐದನೆಯ ಪಿನ್ನುಗಳಲ್ಲಿ ನೀಲಿಯ ಜೋಡಿ ಒಟ್ಟಿಗೆ ಕುಳಿತಿದ್ದರೆ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 'ಬಿ' ಕ್ರಮದಲ್ಲಿ ಹಸಿರಿನ ಜೋಡಿಯು ಮೂರರಲ್ಲೊಂದು, ಆರರಲ್ಲೊಂದು ಎಂದು ಅದರ ಆಚೀಚೆ ಬೇರ್ಪಟ್ಟು ನಿಲ್ಲುತ್ತದೆ. ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಎಂದು ಅಂದವಾಗಿ ಕೂರಿಸಿದವನು, ಮೂರು ಮತ್ತು ಆರರಲ್ಲಿ ಹರಿಯಬೇಕಾದ ಒಂದೇ ಸಂಕೇತವನ್ನು ಎರಡು ಬೇರೆ ಜೋಡಿಗಳಿಗೆ ಹಂಚಿಬಿಡುತ್ತಾನೆ. ತಂತಿ ತುದಿಯಿಂದ ತುದಿಗೆ ಮುಟ್ಟಿರುವುದರಿಂದ ದೀಪವೇನೋ ಹತ್ತುತ್ತದೆ. ಹೊಸೆತದ ಫಲ ಮಾತ್ರ ಸಿಗುವುದಿಲ್ಲ. ಈಗಾಗಲೇ ಅನೇಕ ಮನೆಗಳಿಂದ ನಿರ್ಗಮಿಸಿರುವ ದೂರವಾಣಿಯು ಪ್ರತಿಯೊಂದು ಡೇಟಾ ಸಾಕೆಟ್ಟಿನ ನಡುಮನೆಯಲ್ಲಿ ಹೀಗೆ ತನ್ನ ಆಸನವನ್ನು ಉಳಿಸಿಕೊಂಡಿರುವುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಹಿರಿಯರು ತಂತಿಗಳ ತುದಿಯನ್ನು ಕತ್ತರಿಸಿ, ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚದೆ, ಪಂಚಿಂಗ್ ಟೂಲಿನಿಂದ ಒಂದೊಂದನ್ನೇ ಸೀಳಿನೊಳಕ್ಕೆ ಒತ್ತಿದರು. ಇನ್ನೊಂದು ತುದಿಯಲ್ಲಿಯೂ ಅದೇ ಕ್ರಮವನ್ನು ತರುಣನ ಕೈಯಿಂದಲೇ ಮಾಡಿಸಿದ ಮೇಲೆ ಗಣಕವು ನಿರಾತಂಕವಾಗಿ ನಡೆಯಿತು.

ಆಯ್ಕೆಯ ವಿಚಾರದಲ್ಲಿ ಹೇಳಬೇಕಾದುದು ಅಲ್ಪ. ಮನೆಗೆ ಕ್ಯಾಟ್ 6 ಧಾರಾಳವಾಗಿ ಸಾಕು. ಆದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟು ಅಗ್ಗವಾಗಿ ಮಾರುವ ಕೇಬಲ್ಲನ್ನು ಮುಟ್ಟಲೇಬಾರದು, ಅದು ಬೇಗ ಮುರಿಯುತ್ತದೆ. ದೂರವಾಣಿಯ ತಂತಿಯನ್ನು ಒಂದು ರೋಸೆಟ್ಟಿನಿಂದ ಮತ್ತೊಂದಕ್ಕೆ ಮುಂದುವರಿಸಬಹುದಿತ್ತು. ಡೇಟಾ ಸಾಕೆಟ್ಟಿಗೆ ಅದು ಸಲ್ಲದು, ಪ್ರತಿಯೊಂದರಿಂದಲೂ ಪ್ರತ್ಯೇಕ ಕೇಬಲ್ಲು ರೂಟರ್ ಇರುವೆಡೆಗೆ ಬರಬೇಕು. ದೂರವಾಣಿಯ ಚಿಕ್ಕ ಪ್ಲಗ್ಗು ಡೇಟಾ ಸಾಕೆಟ್ಟಿನೊಳಗೆ ಹೋಗುತ್ತದಾದರೂ ಅಂಚಿನ ಪಿನ್ನುಗಳನ್ನು ಬಾಗಿಸುವ ಸಂಭವವುಂಟು. ವೈಫೈ ಇರುವಾಗ ಇದೆಲ್ಲ ಏಕೆಂಬ ವಾದವನ್ನು ನಾನು ಒಪ್ಪಲಾರೆ. ದಪ್ಪ ಗೋಡೆಗಳ ಮನೆಯಲ್ಲಿ ಆ ವೈಫೈ ಪೆಟ್ಟಿಗೆಗೇ ಒಳ್ಳೆಯ ತಂತಿಯ ಆಸರೆ ಬೇಕು.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ವಿನಂತಿ ಇಷ್ಟೆ: ಗಿಲಾವಿಗೆ ಮುಂಚೆಯೇ, ಕರೆಂಟಿನ ಪೈಪಿಗೆ ಸೇರಿಸದೆ, ಪ್ರತಿ ಕೋಣೆಗೂ ಡೇಟಾಕ್ಕೆಂದು ಬೇರೊಂದು 25 ಮಿಲಿಮೀಟರ್ ಪೈಪನ್ನು ಹಾಕಿಸಿ, ಮುಂದೆ ಕೇಬಲ್ ಬದಲಿಸುವವರಿಗೆ ಅನುಕೂಲವಾಗುವಂತೆ ಅದರೊಳಗೊಂದು ಎಳೆದಂತಿಯನ್ನು ಬಿಡಿಸಿರಿ.