ಕ್ರೆಡಿಟ್ ಕಾರ್ಡ್ ಮತ್ತು ಸಾಲದ ಇತಿಹಾಸ

ಸಾಲದ ಇತಿಹಾಸ ಎಂಬುದು ವ್ಯಕ್ತಿಯೊಬ್ಬರು ಪಡೆದ ಸಾಲಗಳ ಹಾಗೂ ಅವುಗಳ ಮರುಪಾವತಿಯ ದಾಖಲೆ. ಭಾರತದಲ್ಲಿ ಇದನ್ನು 2005ರ ಕಾಯ್ದೆಯನ್ವಯ ಸಿಬಿಲ್ ಮೊದಲಾದ ನಾಲ್ಕು ಸಾಲ ಮಾಹಿತಿ ಕಂಪನಿಗಳು ನಿರ್ವಹಿಸುತ್ತವೆ. ಸಿಬಿಲ್ ಅಂಕವು 300ರಿಂದ 900ರವರೆಗೆ ಇರುತ್ತದೆ; ಅಂಕ ಹೆಚ್ಚಿದಷ್ಟೂ ಸಾಲ ದೊರೆಯುವುದು ಸುಲಭ.

ಕಾರ್ಡಿನ ಬಳಕೆ

ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಪಾವತಿಸುವುದು ಮುಖ್ಯ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸುಸ್ತಿ ದಾಖಲಾಗದು. ಆದರೆ ಬಾಕಿಗೆ ಬಡ್ಡಿ ಬೀಳುತ್ತದೆ, ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ತಪ್ಪುತ್ತದೆ. ಮಿತಿಯ ಬಹುಭಾಗವನ್ನು ಸದಾ ಬಳಸುವುದು ಹಾಗೂ ಅಲ್ಪಕಾಲದಲ್ಲಿ ಹಲವು ಅರ್ಜಿಗಳನ್ನು ಸಲ್ಲಿಸುವುದು ಅಂಕವನ್ನು ತಗ್ಗಿಸಬಹುದು.

ಕೃಷಿಕರು ಮತ್ತು ಕಾರ್ಡು

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲದ ಮರುಪಾವತಿಯು ಕೊಯ್ಲು ಮತ್ತು ಮಾರಾಟದ ಕಾಲಕ್ಕೆ ಹೊಂದಿಕೊಂಡಿರುತ್ತದೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನ ಬಿಲ್ಲಾದರೋ ಪ್ರತಿ ತಿಂಗಳೂ ಬರುತ್ತದೆ. ಯಲ್ಲಾಪುರ ತಾಲ್ಲೂಕಿನ ಇಡಗುಂದಿಯಂತಹ ಅಡಿಕೆ ಸೀಮೆಯಲ್ಲಿ ತೋಟದ ಆದಾಯ ಬಹುಮಟ್ಟಿಗೆ ಕೊಯ್ಲಿನ ನಂತರವೇ ಕೈಸೇರುವುದರಿಂದ, ಮುಂದಿನ ಫಸಲನ್ನು ನಂಬಿ ಕಾರ್ಡಿನಲ್ಲಿ ಖರ್ಚು ಮಾಡಿದರೆ ಗಡುವು ತಪ್ಪುವ ಅಪಾಯವಿದೆ.

ವರದಿಯ ಪರಿಶೀಲನೆ

ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ವರದಿಯಲ್ಲಿನ ತಪ್ಪಿನ ಬಗೆಗಿನ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದೂರುದಾರರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬುದು ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮ.